ಕಾಕಾ, ಕನ್ನಡಿ ಮತ್ತು ಕಟ್ಟಿಗೆ ಅಣಬೆ

ನಮ್ಮ ಕಾಕಾ ಹುಟ್ಟಿದಾಗಿನಿಂದ ಒಂದೇ ಒಂದು ಅಣಬೆ ತಿಂದವರಲ್ಲ. ಆದರೆ ಅಣಬೆಯೇ ಅವರ ತಲೆ ತಿಂದುಬಿಟ್ಟಿದೆ ಎಂಬುದು ಅವರ ಹೆಂಡತಿ, ನಮ್ಮ ಕಾಕೂ, ಊರಿಗೆಲ್ಲ ಹೇಳಿಕೊಂಡು ಬಂದ ದೂರು! ನಾವು ಅನಗೋಳದ ಜೈನರು. ಉಳ್ಳಾಗಡ್ಡಿಯನ್ನೇ ಹೊಸ್ತಿಲು ದಾಟಿಸದ ಮನೆ. ಅಂಥ ಮನೆಯಲ್ಲಿ ಹುಟ್ಟಿ, ಮಳೆಗಾಲ ಬಂತೆಂದರೆ ಖಾನಾಪುರದ ಕಾಡಿಗೆ ಅಣಬೆ ಹುಡುಕಿಕೊಂಡು ಓಡುವವರನ್ನು ಏನೆನ್ನುವುದು? ಅದೂ ಸತ್ತ ಮರದ ಮೇಲೆ ಏಳುವ ಕಟ್ಟಿಗೆ ಅಣಬೆಯೇ ಆಗಬೇಕು. ನೆಲದ ಅಣಬೆ ಎದುರಾದರೆ ದೂರದ ಬೀಗರನ್ನು ಕಂಡಂತೆ ತಲೆಯಾಡಿಸಿ ಮುಂದೆ ಹೋಗುತ್ತಾರೆ.

ಕಾಕಾರ ಆಸೆ ಒಂದೇ. ಕಾಕೂ ಒಮ್ಮೆ ಜೊತೆಗೆ ಬಂದು ನೋಡಬೇಕು.

"ಚಾತುರ್ಮಾಸದಾಗ ಆ ಹೊಲಸು ನೋಡಾಕ ನಾ ಬರಂಗಿಲ್ರೀ" ಎಂದು ಕಾಕೂ ಪ್ರತಿವರ್ಷ ತಪ್ಪದೆ ಉತ್ತರ ಕೊಡುತ್ತಾರೆ.

ಅಣಬೆ ಯಾವುದೆಂದು ತಿಳಿಯಬೇಕಾದರೆ ಅದರ ಕೆಳಮೈ ನೋಡಬೇಕಂತೆ. ಗೆರೆಗಳಿದ್ದರೆ ಒಂದು ಜಾತಿ, ತೂತುಗಳಿದ್ದರೆ ಇನ್ನೊಂದು. ಉಳಿದವರು ಕಿತ್ತು ತಿರುವಿ ನೋಡುತ್ತಾರೆ. ಕಾಕಾ ಕೀಳುವ ಹಾಗಿಲ್ಲ. ಅದೂ ಜೀವ, ಅದರೊಳಗೆ ಮತ್ತೆಷ್ಟೋ ಜೀವ! ಹಾಗಾಗಿ ಕಾಕೂ ಕುಂಕುಮ ಹಚ್ಚಿಕೊಳ್ಳುವ ಕೈಗನ್ನಡಿಯನ್ನು ಮೆಲ್ಲಗೆ ಎಗರಿಸಿ ತಂದು, ನೆಲದ ಮೇಲೆ ಬೋರಲು ಮಲಗಿ, ಅದನ್ನು ಅಣಬೆಯ ಕೆಳಗೆ ಹಿಡಿಯುತ್ತಾರೆ.

ಹೀಗೊಮ್ಮೆ ಮಲಗಿದ್ದಾಗ ದನ ಕಾಯುವ ಮುದುಕನೊಬ್ಬ ನೋಡಿ, "ಅರೇ ದೇವಾ! ಕಾಯ್ ಝಾಲಂ?" ಎಂದು ಮರಾಠಿಯಲ್ಲಿ ಕೂಗುತ್ತ ಓಡಿಬಂದು ಅರ್ಧ ಬಾಟಲಿ ನೀರನ್ನು ಕಾಕಾರ ತಲೆಗೆ ಸುರಿದ. ಕಾಕಾ ಅಲ್ಲಾಡಲಿಲ್ಲ.

"ಏನೂ ಆಗಿಲ್ರಿ, ಅಣಬಿ ನೋಡಾಕತ್ತಾರ" ಎಂದೆ ಜೊತೆಗಿದ್ದ ನಾನು.

"ತಿನ್ನಾಕೇನ್ರಿ?"

"ಇಲ್ರಿ, ಬರೇ ನೋಡಾಕ."

ಮುದುಕ ನನ್ನನ್ನು ಕನಿಕರದಿಂದ ನೋಡಿ ಉಳಿದ ಅರ್ಧ ಬಾಟಲಿಯನ್ನೂ ಸುರಿದ!

ಹೋದ ಮಳೆಗಾಲದಲ್ಲಿ ನಮ್ಮ ಬಚ್ಚಲ ಬಾಗಿಲಿನ ಚೌಕಟ್ಟಿನ ಮೇಲೇ ಕಿವಿಯಂಥ ಅಣಬೆ ಎದ್ದಿತು. ಮಗನ ಮದುವೆಯಲ್ಲೂ ಕಾಕಾ ಅಷ್ಟು ಹಿಗ್ಗಿದ್ದನ್ನು ನಾನು ಕಂಡಿಲ್ಲ. ಜಜ್ಜಿಹೋದೀತೆಂದು ಬಾಗಿಲು ಮುಚ್ಚಲೇ ಬಿಡಲಿಲ್ಲ. ಸ್ನಾನಕ್ಕೆ ಹೋದವರು ಒಳಗಿದ್ದೇವೆಂದು ತಿಳಿಸಲು ಹಾಡುತ್ತಲೇ ಇರಬೇಕು. ಮನೆಗೆ ಬಂದ ಬೀಗರೂ ಹಾಡಿದರು!

"ಒಂದೋ ಅದಿರಬೇಕು, ಇಲ್ಲಾ ನಾ ಇರಬೇಕು" ಎಂದರು ಕಾಕೂ.

"ಅದು ಮಳಿ ಇರೂತನಕ ಅಷ್ಟ ಇರತೈತಿ. ನೀ ಹೆಂಗೂ ಇರಾಕೀನ ಅಲ್ಲೇನ?"

ಈ ವರ್ಷ ಕಾಕಾರ ಕಣ್ಣು ಕೈಕೊಟ್ಟವು. ಸಕ್ಕರೆ ಕಾಯಿಲೆಯಿಂದ ಹೋದ ದೃಷ್ಟಿ ಹೋಯಿತು, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಮಳೆ ಹಿಡಿದರೂ ಕಾಕಾ ಕಾಡಿನ ಮಾತೆತ್ತಲಿಲ್ಲ. ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ನನಗೆ ನೋಡಲಾಗಲಿಲ್ಲ. ಒಂದು ಭಾನುವಾರ ಒತ್ತಾಯದಿಂದ ಅವರನ್ನು ಕಾರಿನ ತನಕ ಕರೆತಂದೆ. ಹಿಂದಿನ ಸೀಟಿನಲ್ಲಿ ಕಾಕೂ ಆಗಲೇ ಕೂತಿದ್ದಾರೆ!

"ದೇಸೂರ ದಾಟೂತನಕ ಯಾರೂ ಮಾತಾಡಬ್ಯಾಡ್ರಿ. ನನ್ನ ಮನಸ್ಸು ಬದಲಾಗತೈತಿ" ಎಂದರು.

ಕಾಡಿನಲ್ಲಿ ಬಿದ್ದ ಮತ್ತಿ ಮರವೊಂದರ ಪಕ್ಕ ಕಾಕಾ ಮಲಗಿದರು. ಕೈಯಿಂದ ತಡವರಿಸಿ ಅಣಬೆ ಹುಡುಕಿ ಕನ್ನಡಿ ಹಿಡಿದರು. ಬಹಳ ಹೊತ್ತು ನೋಡಿದರು. ಆಮೇಲೆ "ಏನೂ ಕಾಣವಲ್ದು" ಎಂದು ಕನ್ನಡಿ ಕೆಳಗಿಟ್ಟರು.

ಕಾಕೂ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒದ್ದೆ ಎಲೆಗಳ ಮೇಲೆ ಗಂಡನ ಬಾಜುಕ್ಕೆ ಬೋರಲು ಮಲಗಿ, ಮರಕ್ಕೆ ಮುಖ ಹಚ್ಚಿದರು.

"ಗೆರಿ ಇಲ್ರೀ. ತೂತ ಅದಾವ. ಸಣ್ಣ ಸಣ್ಣವು, ನಮ್ಮ ರವಾ ಜರಡಿ ಇದ್ದಂಗ."

"ಬಣ್ಣ?"

"ಬಿಳಿ. ತಡೀರಿ, ಅಂಚಿಗೆ ಅಷ್ಟ ಬಿಳಿ. ಒಳಗ ಕೆನಿ ಬಣ್ಣ. ಅಯ್ಯ, ಎಷ್ಟ ಚೆಂದ ಐತ್ರೀ!"

ಇಷ್ಟು ಗುರುತು ಸಿಕ್ಕರೆ ಥಟ್ಟನೆ ಹೆಸರು ಹೇಳುವ ಕಾಕಾ ಈಗ ಕೆನ್ನೆಯನ್ನು ತೋಳಿನ ಮೇಲಿಟ್ಟು, ಕಣ್ಣು ಮುಚ್ಚಿ ಮಲಗಿದ್ದರು.

"ಇನ್ನೊಮ್ಮೆ ಹೇಳ" ಎಂದರು.

ಕಾಕೂ ಮತ್ತೆ ಮೊದಲಿನಿಂದ ಹೇಳತೊಡಗಿದರು.