ಹಾಲುಕ್ಕಿಸಿದ ಗುಡಾರ

ಅನ್ನ, ಬಟ್ಟೆಗಳ ನಂತರ ಮನುಷ್ಯನಿಗೆ ಬೇಕಾದದ್ದು ತಲೆಯ ಮೇಲೊಂದು ಸೂರು ಎಂದು ಬಲ್ಲವರು ಹೇಳಿದ್ದಾರೆ. ಆ ಬಲ್ಲವರಲ್ಲಿ ಒಬ್ಬರೂ ಹಳೇಕೋಟೆಯಲ್ಲಿರುವ ನನ್ನ ಅಕ್ಕನ ಮನೆಯ ಕಣದಲ್ಲಿ ಸೂರು ನಿಲ್ಲಿಸಲು ಹೋದವರಲ್ಲ. ಹೋಗಿದ್ದರೆ ಅನ್ನ ಬಟ್ಟೆಗಳಿಗೇ ಮಾತು ಮುಗಿಸುತ್ತಿದ್ದರು.

ನಾನು ಹಾಸನದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಕಟ್ಟಡಗಳ ನಕ್ಷೆ ಬರೆಯುವುದನ್ನು ಕಲಿಸುತ್ತಿದ್ದ ಮೇಷ್ಟರು. ನನ್ನ ಕೈಯಲ್ಲಿ ಕಲಿತವರು ಊರೂರಲ್ಲಿ ಮನೆ ಎಬ್ಬಿಸಿದ್ದಾರೆ. ನಾನು ಬರೆದ ನಕ್ಷೆಯಿಂದ ಮಾತ್ರ ಒಂದು ಕೋಳಿಗೂಡೂ ಎದ್ದದ್ದಿಲ್ಲ. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದಾಗ, ಹಿಮಾಲಯದ ಕಡೆಯ ಸಂಸ್ಥೆಯೊಂದು ನಕ್ಷೆಗಳನ್ನು ಆಹ್ವಾನಿಸಿತು. ಹಿಮ ಬೀಳುವ, ರಸ್ತೆಯಿಲ್ಲದ ಎತ್ತರಗಳಲ್ಲಿ ಕುರಿ ಮೇಯಿಸುವವರಿಗೆ ಮಡಚಿ ಹೊತ್ತೊಯ್ಯುವಂಥ ಬೆಚ್ಚನೆಯ ಗುಡಾರ ಬೇಕು, ಪ್ಲಾಸ್ಟಿಕ್ ಕೂಡದು, ಹಳತಾದರೆ ಮಣ್ಣಿಗೆ ಮಣ್ಣಾಗಬೇಕು. ನಾನು ಹಿಮ ಕಂಡವನಲ್ಲ. ಚಳಿಯ ವಿಷಯದಲ್ಲಿ ನನ್ನ ಅನುಭವವೆಂದರೆ, ಧನುರ್ಮಾಸದ ಬೆಳಗ್ಗೆ ಅರಕಲಗೂಡಿನ ಬಸ್ಸಿನಲ್ಲಿ ಗಾಜು ಮುಚ್ಚಲಾಗದ ಕಿಟಕಿಯ ಪಕ್ಕ ಕೂತದ್ದು ಮತ್ತು ಆಲೂಗಡ್ಡೆ ಇಡುವ ಕೋಲ್ಡ್ ಸ್ಟೋರೇಜಿನೊಳಗೆ ಒಮ್ಮೆ ಇಣುಕಿದ್ದು. ಈ ಎರಡರ ಬಲದ ಮೇಲೆ ನಕ್ಷೆ ಬರೆದು ಕಳಿಸಿದೆ. ಆಶ್ಚರ್ಯವೆಂದರೆ ಒಪ್ಪಿಗೆಯಾಯಿತು. ಗುಡಾರ ಮಾಡಿ, ನಿಲ್ಲಿಸಿ ಪರೀಕ್ಷಿಸಿ, ಮಡಚಿ ಇಟ್ಟಿರಿ; ನಮ್ಮ ಲಾರಿ ಹಾಸನಕ್ಕೆ ಬರುತ್ತದೆ; ನಿಮ್ಮದು ಹಿಮದ ಮೇಲೆ ನಿಂತರೆ ಅಂಥವನ್ನೇ ಇನ್ನಷ್ಟು ಮಾಡಿಸುತ್ತೇವೆ ಎಂದರು. "ಜಾಸ್ತಿ ಆಸೆ ಇಟ್ಕೋಬೇಡಿ" ಎಂದಳು ನನ್ನ ಹೆಂಡತಿ. ಇಷ್ಟು ವರ್ಷ ನನ್ನ ಜೊತೆ ಬಾಳಿದವಳು, ಅನುಭವದಿಂದಲೇ ಹೇಳಿದಳು.

ಬಿದಿರಿನ ಚೌಕಟ್ಟು, ಚನ್ನರಾಯಪಟ್ಟಣದಿಂದ ತಂದ ತೆಂಗಿನ ನಾರಿನ ಹಗ್ಗ, ಎರಡು ಕರಿಕಂಬಳಿಗಳ ನಡುವೆ ರಾಗಿಹುಲ್ಲು ಒತ್ತಿ ಹೊಲಿದ ಗೋಡೆಗಳು. ಮಡಚಿದರೆ ಇಬ್ಬರು ಹೊರುವ ಕಂತೆ, ಬಿಚ್ಚಿದರೆ ಒಂದು ಸಂಸಾರಕ್ಕೆ ಸಾಲುವ ಸೂರು. ಹಾಸನದಲ್ಲಿ ನನ್ನ ಬಾಡಿಗೆ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಲೇ ಜಾಗವಿಲ್ಲದ್ದರಿಂದ ಅಕ್ಕನ ಕಣದಲ್ಲಿ ನಿಲ್ಲಿಸಿದೆ. ನಾಲ್ಕು ಜನ ಒಳಗೆ ಕೂತರೆ ಮೈಯ ಕಾವು ಉಳಿಯುತ್ತದೋ ಸೋರುತ್ತದೋ ನೋಡಬೇಕಿತ್ತು. ಥರ್ಮಾಮೀಟರ್ ಹಿಡಿದು ಬಾಗಿಲಲ್ಲಿ ನಿಂತೆ. ಒಬ್ಬರೂ ಒಳಗೆ ಕಾಲಿಡಲಿಲ್ಲ.

"ಆಲುಕ್ಕಿಸ್ದೆ ಒಳಿಕ್ಕೆ ಎಂಗೋಗಾದು?" ಎಂದರು ಭಾವ.

"ಇದು ಮನೆಯಲ್ಲ ಭಾವ, ಗುಡಾರ."

"ಬಾಗ್ಲು ಐತಾ?"

"ಇದೆ."

"ಒಸ್ಲು?"

"ಗಾಳಿ ನುಗ್ಗದಿರಲಿ ಅಂತ ಕೆಳಗೊಂದು ಪಟ್ಟಿ ಕೊಟ್ಟಿದ್ದೀನಿ, ಅಷ್ಟೆ."

"ಅದೇ ಒಸ್ಲು ಕಣಪ್ಪ. ಬಾಗ್ಲು, ಒಸ್ಲು ಎಲ್ಡೂ ಐತೆ ಅಂದ್ಮ್ಯಾಕೆ ಮನೆ ಅಲ್ದೆ ಎತ್ತಿನ ಗಾಡಿಯಾ?"

ವಿಜ್ಞಾನದ ಹಿತದೃಷ್ಟಿಯಿಂದ ನಾನು ಒಪ್ಪಿದೆ. ಹಾಲು ಕಾಯಿಸಿದರೆ ಒಳಗಿನ ಕಾವಿನ ಲೆಕ್ಕವೂ ಸಿಗುತ್ತದೆಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ಆದರೆ ಗೃಹಪ್ರವೇಶದಲ್ಲಿ ಮನುಷ್ಯರಿಗಿಂತ ಮೊದಲು ಹಸು ನುಗ್ಗಬೇಕೆಂಬುದನ್ನು ಮರೆತಿದ್ದೆ. ಹಸು ಬಂತು. ಬಲಗಾಲಿಟ್ಟೇ ಬಂತು. ಅಕ್ಕ ಅದರ ಹಣೆಗೆ ಕುಂಕುಮವಿಟ್ಟು ಕೈ ಮುಗಿಯುತ್ತಿರುವಾಗಲೇ ಅದು ಮುಖ ತಿರುಗಿಸಿ, ಹಿಮಗಾಳಿಯನ್ನು ತಡೆಯಬೇಕಾಗಿದ್ದ ಉತ್ತರದ ಗೋಡೆಯ ಹೊಲಿಗೆಗೆ ಬಾಯಿ ಹಾಕಿತು. ಮಣ್ಣಿಗೆ ಮರಳುವ ಗೋಡೆ ಎಂದು ನಕ್ಷೆಯಲ್ಲಿ ನಾನೇ ಬರೆದಿದ್ದೆ. ಇಷ್ಟು ಬೇಗ, ಈ ಮಾರ್ಗವಾಗಿ ಮರಳೀತೆಂದು ಎಣಿಸಿರಲಿಲ್ಲ.

"ಮೇಷ್ಟ್ರೆ, ನಿಮ್ಮನೆ ಭಾಳ ರುಚಿಯಾಗೈತಂತೆ!" ಎಂದು ಭಾವ ನಕ್ಕರು. ಅವರ ಮೆದೆಯಿಂದಲೇ ಹುಲ್ಲು ಹಿರಿದು ಗೋಡೆ ತುಂಬಿದೆ. ಹಾಲು ಉಕ್ಕಿತು. ಜನ ಒಳಗೆ ಕೂತರು, ಬೆವೆತರು. ಥರ್ಮಾಮೀಟರಿನ ಪಾದರಸ ಏರಿದ್ದು ಇಳಿಯಲೇ ಇಲ್ಲ. ನನ್ನ ಬಾಳಿನಲ್ಲಿ ಮೊದಲ ಸಲ ಒಂದು ನಕ್ಷೆ ಸೂರಾಗಿತ್ತು. ಆ ಮಧ್ಯಾಹ್ನ ಕಣದ ಅಂಚಿನಲ್ಲಿ ಕೂತು ಅದನ್ನೇ ನೋಡುತ್ತ ನಾನು ಎರಡು ಸಲ ಪಾಯಸ ಹಾಕಿಸಿಕೊಂಡೆ.

ಲಾರಿ ಬರುವ ಹಿಂದಿನ ದಿನ ಮಡಚಲು ಹೋದೆ. ಮೊದಲ ಗಂಟಿಗೆ ಕೈ ಹಾಕಿದ್ದೆನಷ್ಟೆ, ಅಕ್ಕ ಓಡಿ ಬಂದಳು.

"ಏನ್ಲಾ ಮಾಡ್ತಿದ್ದೀಯೆ?"

"ಮಡಚ್ತಾ ಇದ್ದೀನಕ್ಕ. ನಾಳೆ ಲಾರಿ."

"ಮನೇಲಿ ಬಸ್ರಿ ಎಂಗ್ಸು ಅವ್ಳೆ. ಆಲುಕ್ಕಿಸಿದ್ ಮನೆ ಕೆಡವ್ತೀಯಾ?"

"ಕೆಡವೋದಲ್ಲಕ್ಕ, ಮಡಚೋದು."

"ಮಡಚುದ್ಮ್ಯಾಕೆ ಇಲ್ಲಿ ಮನೆ ಇರ್ತದಾ?"

"ಇರೋದಿಲ್ಲ."

"ಮತ್ತೆ?"

ಇಷ್ಟು ವರ್ಷ ಪಾಠ ಹೇಳಿದ್ದೇನೆ. ಆ "ಮತ್ತೆ?" ಯಾವ ಪ್ರಶ್ನೆಪತ್ರಿಕೆಯಲ್ಲೂ ಬಂದಿರಲಿಲ್ಲ. ಬಸುರಿ ಎಂದರೆ ಅಕ್ಕನ ಮಗಳು ಸವಿತ. ಚನ್ನರಾಯಪಟ್ಟಣದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಹಿಂದಿನ ಸಲ ಆರನೇ ತಿಂಗಳಿಗೆ ಮಗು ಕೈತಪ್ಪಿತ್ತು. ಆ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಗಲಾಟೆ ಕೇಳಿ ಅವಳೂ ಕಣಕ್ಕೆ ಬಂದಳು.

"ನಾನು ಇದನ್ನೆಲ್ಲ ನಂಬಲ್ಲ ಮಾವ. ನೀವು ಮಡಚಿ" ಎಂದಳು.

ನನ್ನ ಪಕ್ಷಕ್ಕೆ ವಿಜ್ಞಾನದ ಬೆಂಬಲ ಸಿಕ್ಕಿತೆಂದು ಗಂಟು ಎಳೆದೆ. ಅವಳು ಅಲ್ಲಿಂದ ಹೋಗಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಗುಡಾರವನ್ನು ಬಿಟ್ಟು ಬೇರೆಲ್ಲವನ್ನೂ ನೋಡುತ್ತ ನಿಂತಳು. ನಾನೂ ಇದನ್ನೆಲ್ಲ ನಂಬುವವನಲ್ಲ. ಬೇಕಾದರೆ ತರಗತಿಯಲ್ಲಿ ಇದರ ವಿರುದ್ಧ ಭಾಷಣ ಮಾಡಬಲ್ಲೆ. ಅಂಥ ನಾನು ಬಿಚ್ಚಿದ್ದ ಗಂಟನ್ನು ಮತ್ತೆ ಬಿಗಿದು, ಅದು ಸರಿಯಾಗಿ ಕೂತಿದೆಯೇ ಎಂದು ಎಳೆದೂ ನೋಡಿದೆ.

ಲಾರಿ ಕಳಿಸುವ ಸಂಸ್ಥೆಗೆ ಫೋನ್ ಮಾಡಿ ನನ್ನ ಹರುಕು ಹಿಂದಿಯಲ್ಲಿ ವಿಷಯ ನಿವೇದಿಸಿಕೊಂಡೆ. ಅಧಿಕಾರಿ ಸೌಜನ್ಯದಿಂದ ಕೇಳಿದರು: ಆ ಹೆಣ್ಣುಮಗಳು ಗುಡಾರದೊಳಗೆ ಇದ್ದಾರೆಯೇ? ಇಲ್ಲ, ಪಕ್ಕದ ಮನೆಯಲ್ಲಿದ್ದಾಳೆ. ಗುಡಾರ ಮಡಚಲು ಬರುವುದಿಲ್ಲವೇ? ಸೊಗಸಾಗಿ ಬರುತ್ತದೆ. ಅವರೂ "ಮತ್ತೆ?" ಎಂದರು. ಒಂದೇ ದಿನ, ದೇಶದ ಎರಡು ತುದಿಗಳಿಂದ ಒಂದೇ ಪ್ರಶ್ನೆ. ಮುಂದಿನ ವರ್ಷ ಕಳಿಸಲೇ ಎಂದೆ. ಈ ಯೋಜನೆಗೆ ಮುಂದಿನ ವರ್ಷ ಇಲ್ಲ ಎಂದರು.

ಶಿವರಾತ್ರಿ ಕಳೆದ ಮೇಲೆ ಸವಿತಳಿಗೆ ಹೆರಿಗೆಯಾಯಿತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ನೋಡಲು ಹೋದರೆ ಬಾಣಂತಿ ಮನೆಯೊಳಗಿರಲಿಲ್ಲ. ಕಣದಲ್ಲಿ ನೆತ್ತಿ ಸುಡುವ ಬಿಸಿಲು. ಗುಡಾರದ ಬಾಗಿಲಲ್ಲಿ ಕೆಂಡದ ಬಾಂಡ್ಲಿ. ಒಳಗೆ ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮೈಗೆ ಉಲ್ಲನ್ ಸ್ವೆಟರು ಹಾಕಿಕೊಂಡು, ನೆಂದ ಕೋಳಿಯ ಹಾಗೆ ಬೆವೆತು ಕೂತಿದ್ದಳು ವಿಜ್ಞಾನದ ಮೇಷ್ಟರಮ್ಮ.

"ಒಸಿನೂ ಗಾಳಿ ನುಗ್ಗಾಕಿಲ್ಲ ಕಣ್ಲಾ" ಎಂದಳು ಅಕ್ಕ, ನನ್ನ ಬೆನ್ನು ತಟ್ಟಿ. "ಬಾಣಂತೀಗೆ ಅಂತ್ಲೇ ಮಾಡ್ಸಿದಂಗೈತೆ."

"ಮಾವ, ಇದನ್ನ ಯಾವಾಗ ಮಡಚ್ತೀರಾ?" ಎಂದು ಒಳಗಿನಿಂದ ಸವಿತ ಕ್ಷೀಣವಾಗಿ ಕೇಳಿದಳು.

"ಬಾಣಂತಿ ಇರೋ ಮನೆ ಮುಟ್ಟುಸ್ತೀನಾ ನಾನು?" ಎಂದು ಅಕ್ಕ ನನ್ನ ಪರವಾಗಿ ಉತ್ತರ ಕೊಟ್ಟಳು.

ಬೇಸಿಗೆಯ ಕೊನೆಗೆ ನಾನು ನಿವೃತ್ತನಾದೆ. ಹಿಮದ ಮೇಲೆ ಬೇರೆ ಯಾರದೋ ಗುಡಾರ ನಿಂತಿತು.