ಖಂಡೇಪೂಜೆಗೆ ಕೂತ ಡಿಕ್ಷನರಿ

ನಂಬಬೇಡಿ. ಮೊದಲೇ ಹೇಳಿಬಿಡುತ್ತೇನೆ, ನೀವು ನಂಬುವುದಿಲ್ಲ. ಹೊರದೇಶದಲ್ಲಿ ತಯಾರಾದ ಯಂತ್ರವೊಂದನ್ನು ನಮ್ಮ ಸಿಂದಗಿಯಲ್ಲಿ ಒಂದು ಚಿಟಿಕೆ ಕುಂಕುಮದಿಂದ ಸೋಲಿಸಿದ ಗಂಡಸು ನಾನು.

ನೌಕರಿ ಮುಗಿದ ಮೇಲೆ ನನಗೆ ಇಂಗ್ಲಿಷ್ ಕಲಿಯುವ ಚಟ ಹತ್ತಿತು. ಗುರು ಎಂದರೆ ಒಂದು ದಪ್ಪ ಇಂಗ್ಲಿಷ್-ಕನ್ನಡ ನಿಘಂಟು. ಒಂದು ಪದ ಹುಡುಕಲು ಹೊರಟು, ದಾರಿಯಲ್ಲಿ ಸಿಕ್ಕ ಪದಗಳ ಜೊತೆಗೆಲ್ಲ ಹರಟೆ ಹೊಡೆದು, ಹೊರಟದ್ದು ಯಾವುದಕ್ಕೆ ಅನ್ನುವುದನ್ನೇ ಮರೆಯುವುದು ನನ್ನ ಪದ್ಧತಿ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಹುಡುಕಿದರೂ ಇಂಥ ವಿದ್ಯಾರ್ಥಿ ಸಿಗಲಿಕ್ಕಿಲ್ಲ. ನನ್ನ ಹೆಂಡತಿ ಶಾಂತವ್ವ ಮಾತ್ರ ಅದನ್ನು ಪುಸ್ತಕ ಎಂದು ಒಪ್ಪಿದವಳೇ ಅಲ್ಲ. ಇಲಿ ಬರದಂತೆ ಜೋಳದ ಡಬ್ಬಿಯ ಮುಚ್ಚಳದ ಮೇಲೆ ಹೇರುವ ಭಾರ, ಅಷ್ಟೇ.

ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ದಸರೆಗೆ ಬಸವನ ಬಾಗೇವಾಡಿಯಿಂದ ಬಂದ ಅಳಿಯ ಈರಣ್ಣ ಅಂಗೈಯಗಲದ ಎಲೆಕ್ಟ್ರಾನಿಕ್ ಡಿಕ್ಷನರಿ ತಂದ. ಗುಂಡಿ ಒತ್ತಿದರೆ ಅರ್ಥ ಹಾಜರು. ಆದರೆ ಇಂಗ್ಲಿಷಿನ ಅರ್ಥವನ್ನು ಇಂಗ್ಲಿಷಿನಲ್ಲೇ ಹೇಳುತ್ತಿತ್ತು, ಕಳ್ಳನ ವಿಚಾರ ಅವನ ತಮ್ಮನನ್ನೇ ಕೇಳಿದ ಹಾಗೆ.

“ಮಾವಾರ, ನಿಮಗಂತನ ತಂದೇನಿ. ಆ ದಪ್ಪಂದು ಇನ್ನ ರದ್ದಿಗೆ ಹಾಕ್ರಿ,” ಅಂದ.

ನನಗೆ ಉರಿಯಿತು. ನಾಳೆ ಬೆಳಿಗ್ಗೆ ಪಂದ್ಯ, ಸೋತದ್ದು ಮನೆ ಬಿಡಬೇಕು ಅಂದೆ. ತೀರ್ಪಿಗೆ ಅರಿವೆ ಅಂಗಡಿಯ ಗೆಳೆಯ ಮೈಬೂಬಸಾಬನನ್ನು ಕರೆದೆ. ಕಣ್ಣು ಮುಚ್ಚಿ ತೆಗೆದರೂ ಬೇಕಾದ ಪುಟವೇ ಬರುತ್ತದೆ ಎಂದು ಕೊಚ್ಚಿಕೊಂಡೆ.

ಮರುದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ಕುಡಗೋಲು, ತಕ್ಕಡಿ, ಪುಸ್ತಕ, ಏನನ್ನೇ ಪೂಜೆಗಿಟ್ಟರೂ ಅಂದು ಯಾರೂ ಮುಟ್ಟುವಂತಿಲ್ಲ. ಉಪಾಯ ನನಗೆ ಹೊಳೆದೇಬಿಟ್ಟಿತು. ಈರಣ್ಣ ಸ್ನಾನಕ್ಕೆ ಹೋದಾಗ ಶಾಂತವ್ವನ ಕೈಯಿಂದ ಯಂತ್ರವನ್ನು ಕುಡಗೋಲಿನ ಪಕ್ಕ ಇಡಿಸಿ, ಕುಂಕುಮ ಹಚ್ಚಿಸಿ, ಚೆಂಡು ಹೂವು ಏರಿಸಿದೆ.

ಮೈಬೂಬಸಾಬ ಬಂದು ಕೂತ. ಈರಣ್ಣ ಯಂತ್ರಕ್ಕೆ ಕೈ ಚಾಚಿದ.

“ಮುಟ್ಟಬ್ಯಾಡ್ರಿ, ಪೂಜಿ ಆಗೇತಿ,” ಅಂದಳು ಶಾಂತವ್ವ.

“ಮತ್ತ ಮಾವಾರ ಪುಸ್ತಕಾ?”

“ಅದೆಲ್ಲಿ ಪುಸ್ತಕರಿ? ಅದು ಡಬ್ಬಿ ಮ್ಯಾಲಿನ ಭಾರ.”

ಒಂದೇ ಕುದುರೆ ಓಡಿದರೂ ರೇಸು ರೇಸೇ ಎಂದು ಮೈಬೂಬಸಾಬ ತೀರ್ಪು ಕೊಟ್ಟ. ನಾನು ಬೆರಳಿಗೆ ಉಗುಳು ಹಚ್ಚಿ, ನಡುವೆ ಚಹಾ ಕುಡಿದು, ಅವನು ಕೇಳಿದ ಪದಗಳನ್ನೆಲ್ಲ ನಿಧಾನವಾಗಿ ಹುಡುಕಿ ಗೆದ್ದೆ. ಈರಣ್ಣ ಹೊಟ್ಟೆ ಹಿಡಿದು ನಕ್ಕ. ಯಂತ್ರ ಗುಂಡಿಗಳ ಸಂದಿಯಲ್ಲಿ ಕುಂಕುಮ ತುಂಬಿಕೊಂಡೇ ಬಾಗೇವಾಡಿಗೆ ವಾಪಸಾಯಿತು.

ಇಷ್ಟೆಲ್ಲದರಲ್ಲಿ ಒಂದೇ ಮಾತು ನಾನು ಕಟ್ಟಿ ಹೇಳಿದ್ದು: ಉಪಾಯ ನನ್ನದಲ್ಲ. ಸೋಲುವುದು ಖಾತ್ರಿಯಾಗಿ, ನಿಘಂಟನ್ನು ಡಬ್ಬಿಯಿಂದಿಳಿಸಿ ಕೊನೆಯ ಸಲ ಧೂಳು ಒರೆಸುತ್ತ ನಿಂತಿದ್ದೆ. ಶಾಂತವ್ವನೇ ಬಂದು ಕಿವಿಯಲ್ಲಿ ಹೇಳಿದಳು:

“ಇದನ್ನ ಮತ್ತ ಡಬ್ಬಿ ಮ್ಯಾಲ ಇಟ್ಟು ಸುಮ್ನ ಕುಂದರ್ರಿ, ಆ ಮಷಿನ್ ನಾ ಪೂಜಿಗೆ ಇಡ್ತೇನಿ. ಅದು ಗುಂಡಿ ಒತ್ತಿದ ಕೂಡ್ಲೆ ಮುಗೀತೈತಿ. ಇದರಾಗ ತಲಿ ಹಾಕಿದ್ರ ಮಧ್ಯಾಹ್ನತನಾ ನಿಮ್ಮ ಬಾಯಿ ಬಂದ್ ಇರ್ತೈತಿ.”