ಮರಗಟ್ಟಿದ ಭುಜದ ಪರಾಕ್ರಮ

ನನ್ನ ಬಲಗೈಯನ್ನು ನಾನೇ ಬಾಯಿಬಿಟ್ಟುಕೊಂಡು ನೋಡುತ್ತ ಕೂತಿದ್ದೆ. ಚಿವುಟಿದರೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಹಿಂದಿನ ದಿನವಷ್ಟೇ ಸರ್ಜನ್ನರು ಭುಜದೊಳಗೆ ಹರಿದಿದ್ದ ಸ್ನಾಯುವನ್ನು ಮೂಳೆಗೆ ಸೇರಿಸಿ ಹೊಲಿದಿದ್ದರು. ಅಷ್ಟೆಲ್ಲ ಕೊಯ್ದರೂ ಒಂದಿಷ್ಟೂ ನೋವಿಲ್ಲ! ಮನೆಮನೆಯ ಛಾವಣಿಗೆ ಬಣ್ಣ ಬಳಿದು ಗಟ್ಟಿಯಾದ ದೇಹ, ಸಾಮಾನ್ಯವೇ ಎಂದು ನನ್ನ ಮೇಲೆ ನನಗೇ ಭಕ್ತಿ ಹುಟ್ಟಿತು. (ಕತ್ತಿನ ಬಳಿ ಚುಚ್ಚಿದ್ದ ಮರಗಟ್ಟಿಸುವ ಇಂಜೆಕ್ಷನ್ ಇನ್ನೂ ಇಳಿದಿರಲಿಲ್ಲ ಎಂಬ ಕ್ಷುಲ್ಲಕ ವಿಚಾರವನ್ನು ನಾನು ಪರಿಗಣಿಸಲಿಲ್ಲ.)

"ರೀ, ಊಟ ಆಯ್ತಲ್ಲ, ಮಾತ್ರೆ ತಗೊಳ್ಳಿ," ಎಂದಳು ಹೆಂಡತಿ. "ಕೈಗೆ ಜೀವ ಬರೋಕೆ ಮುಂಚೆನೇ ನುಂಗ್ಬೇಕು ಅಂತ ನರ್ಸ್ ಹೇಳಿ ಕಳಿಸಿದಾರೆ."

"ಮಾತ್ರೆ ನೋವಿದ್ದೋರಿಗೆ ಕಣೇ!"

"ನೋವು ಬಂದ್ಮೇಲೆ ನುಂಗಿದ್ರೆ ತಗ್ಗೋಕೆ ಹೊತ್ತು ಹಿಡಿಯುತ್ತಂತೆ."

"ಬಂದ್ರೆ ತಾನೆ?"

ಅವಳು ದನಿ ತಗ್ಗಿಸಿದಳು. "ಅಮ್ಮ ಬರ್ತಿದಾರೆ. ನಿಮ್ಮನ್ನ ನೋಡಿ ಧೈರ್ಯ ತಂದ್ಕೊಳ್ಳಲಿ ಅಂತ ನಾನೇ ಕರೆದಿದ್ದು. ಏನಾದ್ರೂ ಎಡವಟ್ಟು ಮಾಡ್ಬಿಟ್ಟೀರಾ!"

ಅತ್ತೆಯ ಭುಜದಲ್ಲೂ ಇದೇ ಹರಕು. ತಮ್ಮ ಜಡೆ ತಾವು ಹೆಣೆದುಕೊಳ್ಳಲಾಗದೆ ಮಗಳ ಮುಂದೆ ತಲೆಯೊಡ್ಡಿ ಕೂರುವಾಗ ಅವರ ಕಣ್ಣು ತುಂಬುತ್ತಿತ್ತು. ಆದರೂ ಆಪರೇಶನ್ ಮಾತೆತ್ತಿದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಇನ್ನೂ ತಡ ಮಾಡಿದರೆ ಹೊಲಿಯಲೂ ಆಗುವುದಿಲ್ಲವೆಂದು ಡಾಕ್ಟರು ಹೇಳಿದ್ದರು.

ಅತ್ತೆ ಬಂದರು. ನನ್ನ ಬ್ಯಾಂಡೇಜು ಕಂಡದ್ದೇ ಅವರ ಮುಖ ಬಿಳಿಚಿಕೊಂಡಿತು.

"ತುಂಬಾ ನೋವಾ?"

"ನೋವಾ? ಹಾಗಂದ್ರೇನು ಅತ್ತೆ? ಮಾತ್ರೆ ಕೂಡ ಮುಟ್ಟಿಲ್ಲ!"

"ಅಬ್ಬಬ್ಬಾ! ನೀವು ಮನುಷ್ಯರೇ ಅಲ್ಲ ಬಿಡಿ!"

(ಇದೇ ಮಾತನ್ನು ಅವರ ಬಾಯಲ್ಲಿ ಬೇರೆ ಅರ್ಥದಲ್ಲಿ ಹಿಂದೆಯೂ ಕೇಳಿದ್ದುಂಟು.) ನಾನು ಉಬ್ಬಿಹೋದೆ. ನೋವೆಂಬುದು ಕೇವಲ ಮನಸ್ಸಿನ ದೌರ್ಬಲ್ಯವೆಂದು ಉಪನ್ಯಾಸ ಶುರುಮಾಡಿದೆ. ಅತ್ತೆ ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದರು.

ಅಷ್ಟರಲ್ಲಿ ಬೆರಳ ತುದಿ ಜುಮ್ಮೆಂದಿತು. ಮೊಣಕೈ ಬೆಚ್ಚಗಾಯಿತು. ಆಮೇಲೆ ಭುಜಕ್ಕೆ ಜೀವ ಬಂತು ನೋಡಿ, ನನ್ನ ಜನ್ಮದಲ್ಲೇ ಅಂಥದ್ದನ್ನು ಕಂಡಿರಲಿಲ್ಲ! ಇಷ್ಟು ದೊಡ್ಡ ನೋವು ಇಷ್ಟು ಸಣ್ಣ ಭುಜದೊಳಗೆ ಹೇಗೆ ಹಿಡಿಸಿತೆಂದು ಬೆರಗಾದೆ.

"ಅಯ್ಯಯ್ಯೋ! ಸತ್ತೆ ಕಣೇ! ಮಾತ್ರೆ! ಎಲ್ಲೇ ಮಾತ್ರೆ?"

ಪಕ್ಕದ ಮನೆಯವರು ಕಿಟಕಿ ತೆರೆದರು. ಹೆಂಡತಿ ಓಡಿಬಂದಳು. ಮಾತ್ರೆ ನುಂಗಿಸಿದಳು. ಬೆನ್ನಿಗೆ ದಿಂಬುಗಳನ್ನು ಒಟ್ಟಿ ಒರಗಿಸಿದಳು, ಮೊಣಕೈ ಕೆಳಗೂ ಒಂದನ್ನಿಟ್ಟಳು, ಟವೆಲ್ಲಿನಲ್ಲಿ ಐಸು ಸುತ್ತಿ ಭುಜದ ಮೇಲಿಟ್ಟು ಹಿಡಿದುಕೊಂಡಳು. ನಾನು ಕಿರುಚಿದೆ, ನರಳಿದೆ, ಮುಲುಗಿದೆ. ಬಹಳ ಹೊತ್ತಿನ ಮೇಲೆ ನೋವು ಮೆಲ್ಲಗೆ ತಗ್ಗಿತು. ಆ ಪುಟ್ಟ ಮಾತ್ರೆಗೂ ಅದನ್ನು ಕೊಟ್ಟ ಕೈಗೂ ಮನಸ್ಸಿನಲ್ಲೇ ಅಡ್ಡಬಿದ್ದೆ.

ಆಮೇಲೆ ನೆನಪಾಯಿತು, ಅತ್ತೆ! ಅವರು ಎವೆಯಿಕ್ಕದೆ ನನ್ನನ್ನೇ ನೋಡುತ್ತಿದ್ದರು. ಎಲ್ಲ ಕೆಟ್ಟಿತೆಂದು ಹೆಂಡತಿಯ ಕಣ್ಣಲ್ಲಿ ನೀರು.

"ಇಷ್ಟೇನೇ?" ಎಂದರು ಅತ್ತೆ, ಮಗಳ ಕಡೆ ತಿರುಗಿ. "ಒಂದು ಮಾತ್ರೆ, ಒಂದಿಷ್ಟು ಐಸು, ನಾಲ್ಕು ದಿಂಬು! ಇವರಂಥೋರೇ ಉಳ್ಕೊಂಡ್ರು ಅಂದ್ಮೇಲೆ ನನಗೇನು ಧಾಡಿ? ಡಾಕ್ಟರಿಗೆ ಫೋನ್ ಮಾಡೇ."

ಹೆಂಡತಿ ಅಮ್ಮನನ್ನು ತಬ್ಬಿಕೊಂಡಳು. ಉಳಿದಷ್ಟು ಮಾನವನ್ನಾದರೂ ಉಳಿಸಿಕೊಳ್ಳೋಣವೆಂದು ನಾನು ಗಂಭೀರವಾಗಿ, "ಹೆದರಬೇಡಿ ಅತ್ತೆ, ಆಸ್ಪತ್ರೇಲಿ ನಾನೇ ನಿಮ್ಮ ಪಕ್ಕ ಇರ್ತೀನಿ," ಎಂದೆ.

"ದಯವಿಟ್ಟು ಬೇಡ!" ಅತ್ತೆ ಗಾಬರಿಯಾದರು. "ಅವತ್ತು ನೋವು ನನಗಿರುತ್ತೆ. ನಿಮ್ಮನ್ನ ಯಾರು ಸಂಭಾಳಿಸ್ತಾರೆ?"